ರೇಖಾಗಣಿತದಲ್ಲಿ ಪ್ರತ್ಯುದಾಹರಣೆ

ಪ್ರತ್ಯುದಾಹರಣೆ ಎಂದರೆ ಒಂದು ಸಾರ್ವತ್ರಿಕ ಹೇಳಿಕೆಯ ನಿಬಂಧನೆಗಳನ್ನೆಲ್ಲ ಪೂರೈಸಿಯೂ ಅದರ ತೀರ್ಮಾನವನ್ನು ಮಾತ್ರ ಪೂರೈಸದ ನಿದರ್ಶನ. ಗಣಿತದಲ್ಲಿ ಇನ್ನೂ ಸಾಧಿಸದ, ಆದರೆ ಸತ್ಯವಿರಬಹುದೆಂದು ತೋರುವ ಹೇಳಿಕೆಯನ್ನು ಊಹೆ ಎನ್ನುತ್ತಾರೆ. ಊಹೆಯೊಂದು ಸುಳ್ಳೆಂದು ತೋರಿಸಲು ಒಂದೇ ಒಂದು ಪ್ರತ್ಯುದಾಹರಣೆ ಸಾಕು. ಅದು ಸತ್ಯವೆಂದು ತೋರಿಸಲು ಸಾವಿರ ಉದಾಹರಣೆಗಳೂ ಸಾಲವು. ಅದಕ್ಕೆ ಸಾಧನೆಯೇ ಬೇಕು. ಕೋನಗಳ ಪರಸ್ಪರ ಸಂಬಂಧವನ್ನು ಕುರಿತ ಊಹೆಗಳು ಈ ವಿಧಾನವನ್ನು ಕಲಿಯಲು ವಿಶೇಷವಾಗಿ ಅನುಕೂಲವಾದವು. ಅವುಗಳನ್ನು ಕಾಗದದ ಮೇಲೆ ಚಿತ್ರಿಸಬಹುದು, ಕೋನಮಾಪಕದಿಂದ ಅಳೆಯಬಹುದು. ಅಷ್ಟೇ ಸುಲಭವಾಗಿ ಮೋಸವನ್ನೂ ಹೋಗಬಹುದು.

ಕನ್ನಡ ನಾಡಿನ ಗಣಿತ ಪರಂಪರೆಯಲ್ಲಿ ಈ ವಿಧಾನದ ಪ್ರಸಿದ್ಧ ನಿದರ್ಶನವೆಂದರೆ ಚತುರ್ಭುಜದ ಕ್ಷೇತ್ರಫಲದ ಪ್ರಶ್ನೆ. 9ನೆಯ ಶತಮಾನದ ಮಹಾವೀರಾಚಾರ್ಯ ಮತ್ತು 12ನೆಯ ಶತಮಾನದ ಭಾಸ್ಕರಾಚಾರ್ಯರು ಅದನ್ನು ನಿರ್ವಹಿಸಿದ ರೀತಿಯನ್ನು ಮುಂದೆ ವಿವರಿಸಿದೆ.

ತಾರ್ಕಿಕ ಸ್ವರೂಪ

ರೇಖಾಗಣಿತದ ಹೆಚ್ಚಿನ ಹೇಳಿಕೆಗಳು ‘ಹೀಗಿದ್ದರೆ ಹಾಗೆ’ ಎಂಬ ರೂಪದಲ್ಲಿರುತ್ತವೆ. ‘ಎರಡು ಸರಳರೇಖೆಗಳು ಪರಸ್ಪರ ಛೇದಿಸಿದರೆ ಶೃಂಗಾಭಿಮುಖ ಕೋನಗಳು ಸಮ’ ಎಂಬಲ್ಲಿ ರೇಖೆಗಳು ಛೇದಿಸುವುದು ನಿಬಂಧನೆ, ಕೋನಗಳು ಸಮವಾಗಿರುವುದು ತೀರ್ಮಾನ. ಪ್ರತ್ಯುದಾಹರಣೆಯಾಗಬೇಕಾದ ಚಿತ್ರವು ಮೊದಲು ನಿಬಂಧನೆಗೆ ಬದ್ಧವಾಗಿರಬೇಕು, ಆಮೇಲೆ ತೀರ್ಮಾನವನ್ನು ಮುರಿಯಬೇಕು. ನಿಬಂಧನೆಯನ್ನೇ ಪಾಲಿಸದ ಚಿತ್ರ ಎಷ್ಟು ವಿಚಿತ್ರವಾಗಿದ್ದರೂ ಊಹೆಗೆ ಅದರಿಂದ ಬಾಧೆಯಿಲ್ಲ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಅಳತೆಯ ದೋಷವೂ ಪ್ರತ್ಯುದಾಹರಣೆಯಲ್ಲ. ತರಗತಿಯಲ್ಲಿ ನಲವತ್ತು ಮಕ್ಕಳು ನಲವತ್ತು ತ್ರಿಭುಜಗಳನ್ನು ಎಳೆದು ಕೋನಗಳನ್ನು ಅಳೆದು ಕೂಡಿದರೆ ಮೊತ್ತ ಕೆಲವರಿಗೆ 178°, ಕೆಲವರಿಗೆ 181° ಬರುವುದು ಸಹಜ. ಪೆನ್ಸಿಲಿನ ಗೆರೆಗೆ ದಪ್ಪವಿದೆ, ಕೋನಮಾಪಕದ ಮಧ್ಯಬಿಂದು ಶೃಂಗದ ಮೇಲೆ ಸರಿಯಾಗಿ ಕೂತಿರುವುದಿಲ್ಲ. ಮೊತ್ತ 180° ಎಂಬುದಕ್ಕೆ ಸಮಾಂತರ ರೇಖೆಯೊಂದನ್ನು ಎಳೆದು ಮಾಡುವ ಸಾಧನೆ ಇರುವುದರಿಂದ ಇಂತಹ ಅಳತೆಗಳು ಅದನ್ನು ಅಲುಗಾಡಿಸವು. ಹಾಗೆಯೇ, ಅಳತೆ ಸರಿಯಾಗಿ 180° ಬಂದ ಮಾತ್ರಕ್ಕೆ ಪ್ರಮೇಯ ಸಾಧಿಸಿದಂತೆಯೂ ಆಗುವುದಿಲ್ಲ.

ಚಿತ್ರವನ್ನು ಓದುವುದರಲ್ಲಿಯೂ ಎಚ್ಚರ ಬೇಕು. ಬಾಣದ ಮೊನೆಯಂತೆ ಒಂದು ಶೃಂಗ ಒಳಗೆ ತಗ್ಗಿದ ಚತುರ್ಭುಜದಲ್ಲಿ ಮೂರು ಕೋನಗಳು ತಲಾ 30° ಇವೆಯೆನ್ನೋಣ. ತಗ್ಗಿನ ಶೃಂಗದಲ್ಲಿ ಕೋನಮಾಪಕವಿಟ್ಟವರಿಗೆ 90° ಕಾಣುತ್ತದೆ. ಮೊತ್ತ 180° ಆಗಿ, ಚತುರ್ಭುಜದ ಕೋನಗಳ ಮೊತ್ತ 360° ಎಂಬ ಪ್ರಮೇಯವೇ ಮುರಿದಂತೆ ತೋರುತ್ತದೆ. ವಾಸ್ತವದಲ್ಲಿ ಅಳೆದದ್ದು ಆಕೃತಿಯ ಹೊರಗಿನ ಕೋನ. ಒಳಗಿನದು 270°ಯ ಸರಳಾಧಿಕ ಕೋನ. ಅದನ್ನು ಕೂಡಿದರೆ 360° ಸರಿಯಾಗಿ ಬರುತ್ತದೆ.

ಶಾಲಾ ಪಾಠದಲ್ಲಿ ಬರುವ ಊಹೆಗಳು

ಕೋನಗಳ ಬಗ್ಗೆ ಹುಟ್ಟುವ ತಪ್ಪು ಊಹೆಗಳಲ್ಲಿ ಬಹುಪಾಲು ವಿಲೋಮದಿಂದ ಬಂದವು. ಸರಳಯುಗ್ಮದ ಕೋನಗಳ ಮೊತ್ತ 180° ಎಂದು ಕಲಿತವರು, ಮೊತ್ತ 180° ಆದರೆ ಅವು ಸರಳಯುಗ್ಮವೇ ಎಂದು ಭಾವಿಸುತ್ತಾರೆ. ಎರಡು ಸಮಾಂತರ ರೇಖೆಗಳನ್ನು ಒಂದು ಛೇದಕ ಕತ್ತರಿಸಿದಾಗ ಛೇದಕದ ಒಂದೇ ಪಾರ್ಶ್ವದಲ್ಲಿ ಉಂಟಾಗುವ 110° ಮತ್ತು 70°ಯ ಅಂತಃಕೋನಗಳು ಇದಕ್ಕೆ ಪ್ರತ್ಯುದಾಹರಣೆ: ಅವು ಪರಿಪೂರಕಗಳು ಹೌದು, ಆದರೆ ಅವಕ್ಕೆ ಒಂದೇ ಶೃಂಗವಿಲ್ಲ. ಶೃಂಗಾಭಿಮುಖ ಕೋನಗಳು ಸಮ ಎಂಬುದರಿಂದ ಸಮಕೋನಗಳೆಲ್ಲ ಶೃಂಗಾಭಿಮುಖವೆಂದು ತಿಳಿದರೆ ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಆ ಊಹೆಯನ್ನು ಕೆಡವುತ್ತವೆ.

ಇನ್ನೊಂದು ಬಗೆಯ ತಪ್ಪು, ಚಿತ್ರ ಅತಿ ಸುಂದರವಾಗಿರುವುದರಿಂದ ಬರುವಂಥದು. ಪಾಠಪುಸ್ತಕಗಳ ತ್ರಿಭುಜಗಳು ಸಾಮಾನ್ಯವಾಗಿ ಲಘುಕೋನ ತ್ರಿಭುಜಗಳೇ. ಅವುಗಳನ್ನೇ ನೋಡಿ ಅಭ್ಯಾಸವಾದವರಿಗೆ ತ್ರಿಭುಜದ ಬಾಹ್ಯಕೋನ ಯಾವಾಗಲೂ ವಿಶಾಲ ಕೋನವೆಂದು ತೋರುತ್ತದೆ. 100°, 50°, 30° ಕೋನಗಳ ತ್ರಿಭುಜದಲ್ಲಿ 100°ಯ ಪಕ್ಕದ ಬಾಹ್ಯಕೋನ 80° ಮಾತ್ರ. ಅನುರೂಪ ಕೋನಗಳು ಸಮ ಎಂಬುದೂ ಇದೇ ಜಾತಿಯದು. ಪುಸ್ತಕದ ಚಿತ್ರದಲ್ಲಿ ರೇಖೆಗಳು ಎಂದೂ ಸಮಾಂತರವಾಗಿರುವುದರಿಂದ ‘ಸಮಾಂತರ’ ಎಂಬ ನಿಬಂಧನೆ ನೆನಪಿನಿಂದ ಜಾರಿಹೋಗುತ್ತದೆ. ಒಂದು ರೇಖೆಯನ್ನು ತುಸು ಓರೆ ಮಾಡಿ ಎಳೆದರೆ ಕೋನಗಳು ಕೂಡಲೇ ಬೇರೆಯಾಗುತ್ತವೆ. ಮರೆತಿದ್ದ ನಿಬಂಧನೆ ಮತ್ತೆ ಕಣ್ಣಿಗೆ ಬೀಳುತ್ತದೆ.

‘ಒಂದು ಕೋನದ ಬಾಹುಗಳು ಇನ್ನೊಂದು ಕೋನದ ಬಾಹುಗಳಿಗೆ ಸಮಾಂತರವಾಗಿದ್ದರೆ ಆ ಕೋನಗಳು ಸಮ’ ಎಂಬ ಊಹೆ ಸ್ವಲ್ಪ ಸೂಕ್ಷ್ಮವಾದದ್ದು. ಸಮಾಂತರ ಚತುರ್ಭುಜದ ಅಭಿಮುಖ ಕೋನಗಳಲ್ಲಿ ಅದು ಸರಿಹೋಗುತ್ತದೆ. ಅದೇ ಆಕೃತಿಯ ಒಂದು ಬದಿಯನ್ನು ಹೊರಕ್ಕೆ ಬೆಳೆಸಿ ಅಲ್ಲಿಯ ಬಾಹ್ಯಕೋನವನ್ನು ಅಭಿಮುಖ ಶೃಂಗದ ಕೋನದೊಡನೆ ಹೋಲಿಸಿದರೆ ಅವು ಸಮವಲ್ಲ, ಪರಿಪೂರಕ. ಆದ್ದರಿಂದ ಸರಿಯಾದ ಹೇಳಿಕೆ ‘ಸಮ ಅಥವಾ ಪರಿಪೂರಕ’ ಎಂದಾಗಬೇಕು.

ಸರ್ವಸಮತೆಯ ಪಾಠದಲ್ಲಿಯೂ ಇಂತಹ ಎರಡು ನಿದರ್ಶನಗಳಿವೆ. ಮೂರು ಕೋನಗಳು ಸಮವಾದರೆ ತ್ರಿಭುಜಗಳು ಸರ್ವಸಮ ಎಂಬ ಊಹೆಯನ್ನು 3 ಸೆಂ.ಮೀ. ಮತ್ತು 5 ಸೆಂ.ಮೀ. ಬದಿಯ ಎರಡು ಸಮಬಾಹು ತ್ರಿಭುಜಗಳು ನಿರಾಕರಿಸುತ್ತವೆ. ಅವು ಸಮರೂಪ ಮಾತ್ರ. ಎರಡನೆಯದು ಕೈವಾರವಿಲ್ಲದೆ ಸುಲಭವಾಗಿ ಹೊಳೆಯದು. ಎರಡು ಬಾಹುಗಳೂ ಅವುಗಳ ನಡುವೆ ಇರದ ಒಂದು ಕೋನವೂ ಗೊತ್ತಿದ್ದರೆ ತ್ರಿಭುಜ ನಿಶ್ಚಿತವಾಗುವುದೇ? ಬ ಎಂಬ ಬಿಂದುವಿನಲ್ಲಿ ಪಾದರೇಖೆಗೆ 30° ಕೋನದಲ್ಲಿ ಒಂದು ಕಿರಣವನ್ನು ಎಳೆದು, ಅದರ ಮೇಲೆ 8 ಸೆಂ.ಮೀ. ದೂರದಲ್ಲಿ ಅ ಬಿಂದುವನ್ನು ಗುರುತಿಸಬೇಕು. ಅ ಕೇಂದ್ರವಾಗಿ 5 ಸೆಂ.ಮೀ. ತ್ರಿಜ್ಯದ ಕಂಸವನ್ನು ಎಳೆದರೆ ಅದು ಪಾದರೇಖೆಯನ್ನು ಬ ಬಿಂದುವಿನಿಂದ ಸುಮಾರು 3.9 ಸೆಂ.ಮೀ. ಮತ್ತು 9.9 ಸೆಂ.ಮೀ. ದೂರದ ಎರಡು ಕಡೆ ಕತ್ತರಿಸುತ್ತದೆ. ಒಂದೇ ಅಳತೆಗಳಿಂದ ಎರಡು ತ್ರಿಭುಜಗಳು: ಒಂದರ ಮೂರನೆಯ ಶೃಂಗದಲ್ಲಿ ಸುಮಾರು 127°, ಇನ್ನೊಂದರಲ್ಲಿ ಸುಮಾರು 53°. ಎರಡರ ಮೊತ್ತ ಸರಿಯಾಗಿ 180° ಆಗಿರುವುದು ಆಕಸ್ಮಿಕವಲ್ಲ. ಕಂಸ ಕತ್ತರಿಸಿದ ಎರಡು ಬಿಂದುಗಳು ಮತ್ತು ಅ ಸೇರಿ ಸಮದ್ವಿಬಾಹು ತ್ರಿಭುಜವಾಗುವುದೇ ಅದಕ್ಕೆ ಕಾರಣ.

ಅಳತೆ ಮೋಸಗೊಳಿಸುವ ಬಗೆ: ಕೋನದ ತ್ರಿಭಾಗ

ಕೋನವನ್ನು ಮೂರು ಸಮಭಾಗ ಮಾಡಲು ಹೊರಟವರಿಗೆ ತಾನಾಗಿ ಹೊಳೆಯುವ ಉಪಾಯವೊಂದಿದೆ. ಕೋನದ ಎರಡು ಬಾಹುಗಳ ಮೇಲೆ ಸಮದೂರದಲ್ಲಿ ಎರಡು ಬಿಂದುಗಳನ್ನು ಗುರುತಿಸಿ, ಅವನ್ನು ಸೇರಿಸಿ, ಆ ರೇಖಾಖಂಡವನ್ನು ಮೂರು ಸಮಭಾಗ ಮಾಡಿ, ಭಾಗಬಿಂದುಗಳನ್ನು ಶೃಂಗಕ್ಕೆ ಸೇರಿಸುವುದು. ಪಾದ ಮೂರು ಸಮಭಾಗವಾದರೆ ಕೋನವೂ ಮೂರು ಸಮಭಾಗವಾಗಬೇಕಲ್ಲವೇ?

30° ಕೋನದ ಮೇಲೆ ಇದನ್ನು ಪ್ರಯೋಗಿಸಿದರೆ ಅಂಚಿನ ಎರಡು ಭಾಗಗಳು ತಲಾ ಸುಮಾರು 9.9°, ನಡುವಿನದು ಸುಮಾರು 10.2° ಬರುತ್ತವೆ. ಶಾಲೆಯ ಕೋನಮಾಪಕಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ. 10°, 20°, 25° ಎಂದು ಎಷ್ಟು ಕೋನಗಳನ್ನು ಪರೀಕ್ಷಿಸಿದರೂ ಊಹೆ ಗೆಲ್ಲುತ್ತಲೇ ಹೋಗುತ್ತದೆ. 60°ಯಲ್ಲಿ ಭಾಗಗಳು ಸುಮಾರು 19.1°, 21.8°, 19.1°; ಈಗ ಸಂದೇಹಕ್ಕೆ ಎಡೆಯಾಗುತ್ತದೆ. 90°ಯಲ್ಲಿ 26.6°, 36.9°, 26.6°. 120°ಗೆ ಹೋದರೆ ಲೆಕ್ಕ ಪೂರ್ಣಾಂಕವಾಗಿಯೇ ಬರುತ್ತದೆ: 30°, 60°, 30°. ನಡುವಿನ ತ್ರಿಭುಜ ಸಮಬಾಹುವಾಗಿಬಿಡುವುದರಿಂದ ಇದನ್ನು ಅಳೆಯದೆಯೂ ಸಾಧಿಸಬಹುದು. ನಡುವಿನ ಭಾಗ ಅಂಚಿನ ಭಾಗದ ಎರಡರಷ್ಟು.

ಊಹೆಯನ್ನು ಪರೀಕ್ಷಿಸುವಾಗ ಸಣ್ಣ, ಸೌಮ್ಯ ನಿದರ್ಶನಗಳನ್ನು ಬಿಟ್ಟು ಅತಿರೇಕದ ನಿದರ್ಶನಗಳಿಗೆ ಹೋಗಬೇಕೆಂಬ ನಿಯಮಕ್ಕೆ ಇದಕ್ಕಿಂತ ಸ್ಪಷ್ಟವಾದ ಸಮರ್ಥನೆ ದೊರೆಯುವುದು ಕಷ್ಟ. ಈ ಉಪಾಯ ಯಾವ ಕೋನಕ್ಕೂ ಸರಿಹೋಗದೆಂದು ತೋರಿಸುವುದೂ ಕಠಿಣವಲ್ಲ. ಅಂಚಿನ ಭಾಗ ಮತ್ತು ನಡುವಿನ ಭಾಗ ಸಮವಾಗಿದ್ದರೆ, ಮೊದಲ ಭಾಗಬಿಂದುವಿಗೆ ಎಳೆದ ರೇಖೆಯು ಆ ಎರಡು ಭಾಗಗಳು ಸೇರಿದ ತ್ರಿಭುಜದ ಶೃಂಗಕೋನವನ್ನೂ ಪಾದವನ್ನೂ ಒಟ್ಟಿಗೆ ಅರ್ಧಿಸಬೇಕಾಗುತ್ತದೆ. ಹಾಗಾಗುವುದು ತ್ರಿಭುಜದ ಆ ಎರಡು ಬದಿಗಳು ಸಮವಾದಾಗ ಮಾತ್ರ. ಇಲ್ಲಿ ಒಳಗಿನ ಬದಿ ಹೊರಗಿನ ಬಾಹುವಿಗಿಂತ ಯಾವಾಗಲೂ ಚಿಕ್ಕದು. ಅಳತೆಗುರುತಿಲ್ಲದ ಪಟ್ಟಿ ಮತ್ತು ಕೈವಾರಗಳಿಂದ ಎಲ್ಲ ಕೋನಗಳನ್ನೂ ತ್ರಿಭಾಗಿಸುವ ಸಾಮಾನ್ಯ ವಿಧಾನವೇ ಇಲ್ಲವೆಂದು ಫ್ರಾನ್ಸಿನ ಪಿಯರ್ ವಾಂಟ್ಜೆಲ್ 1837ರಲ್ಲಿ ಸಾಧಿಸಿದನು. ಅದು ಪ್ರತ್ಯುದಾಹರಣೆಗಿಂತ ಬೇರೆ ಮಟ್ಟದ ಮಾತು.

ಚತುರ್ಭುಜದ ಪ್ರಶ್ನೆ: ಮಹಾವೀರ ಮತ್ತು ಭಾಸ್ಕರ

ತ್ರಿಭುಜದ ಮೂರು ಬದಿಗಳು ಗೊತ್ತಿದ್ದರೆ ಕೋನಗಳೂ ಕ್ಷೇತ್ರಫಲವೂ ನಿಶ್ಚಿತವಾಗುತ್ತವೆ. ಮೂರೂ ಬದಿಗಳು ಸಮವಾದರೆ ಕೋನಗಳೂ ಸಮ. ಚತುರ್ಭುಜಕ್ಕೂ ಇದು ಅನ್ವಯಿಸುವುದೇ ಎಂಬುದು ಹಳೆಯ ಪ್ರಶ್ನೆ. ಭಾರತೀಯ ಗಣಿತಗ್ರಂಥಗಳು ಕ್ಷೇತ್ರಗಳನ್ನು ವಿವೇಚಿಸುವಾಗ ಕೋನದ ಬದಲು ಬದಿ, ಲಂಬ ಮತ್ತು ಕರ್ಣಗಳ ಮೂಲಕ ಮಾತನಾಡುತ್ತವೆ. ಆದರೆ ಚತುರ್ಭುಜದ ಬದಿಗಳನ್ನು ಹಾಗೆಯೇ ಇಟ್ಟು ಕರ್ಣವನ್ನು ಬದಲಿಸುವುದೆಂದರೆ ಕೋನವನ್ನು ಬದಲಿಸುವುದೇ ಆದ್ದರಿಂದ ವಿಷಯ ಒಂದೇ.

ಮಹಾವೀರಾಚಾರ್ಯನು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವನು. ಸುಮಾರು 850ರಲ್ಲಿ ರಚಿತವಾದ ಅವನ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’ವು ಆರಂಭದಲ್ಲಿ ಆ ದೊರೆಯನ್ನು ಸ್ತುತಿಸುತ್ತದೆ. ಅದೇ ಆಸ್ಥಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ಸೀಮೆಯನ್ನು ಹೇಳುವಾಗ ಹೆಸರಿಸುವ ಕೊಪಣನಗರವೇ ಇಂದಿನ ಕೊಪ್ಪಳ. ಕೊಪಣವು ಜೈನರ ಮಹಾತೀರ್ಥವಾಗಿತ್ತು, ಮಹಾವೀರನೂ ಜೈನ. ಅವನು ಕೊಪಣದಲ್ಲಿ ಇದ್ದನೆಂದು ಇದರಿಂದ ಹೇಳಲಾಗದಿದ್ದರೂ ಅವನ ಗಣಿತ ಬೆಳೆದ ನಾಡು ಇದೇ.

‘ಗಣಿತಸಾರಸಂಗ್ರಹ’ದ ಕ್ಷೇತ್ರಗಣಿತ ಭಾಗವು ಕ್ಷೇತ್ರಫಲವನ್ನು ವ್ಯಾವಹಾರಿಕ ಮತ್ತು ಸೂಕ್ಷ್ಮ ಎಂದು ಎರಡಾಗಿ ವಿಂಗಡಿಸುತ್ತದೆ. ವ್ಯಾವಹಾರಿಕವೆಂದರೆ ಸ್ಥೂಲ ಲೆಕ್ಕ: ಎದುರುಬದುರು ಬದಿಗಳನ್ನು ಕೂಡಿ ಅರ್ಧಿಸಿ, ಹಾಗೆ ಬಂದ ಎರಡು ಸಂಖ್ಯೆಗಳನ್ನು ಗುಣಿಸುವುದು. ಸೂಕ್ಷ್ಮ ಫಲಕ್ಕೆ ಅವನು ಕೊಡುವುದು 628ರಲ್ಲಿ ‘ಬ್ರಾಹ್ಮಸ್ಫುಟಸಿದ್ಧಾಂತ’ವನ್ನು ರಚಿಸಿದ ಬ್ರಹ್ಮಗುಪ್ತನ ಸೂತ್ರವನ್ನು: ನಾಲ್ಕು ಬದಿಗಳ ಮೊತ್ತದ ಅರ್ಧದಿಂದ ಒಂದೊಂದು ಬದಿಯನ್ನೂ ಕಳೆದು, ಬಂದ ನಾಲ್ಕು ಶೇಷಗಳನ್ನು ಗುಣಿಸಿ, ಗುಣಲಬ್ಧದ ವರ್ಗಮೂಲವನ್ನು ತೆಗೆಯುವುದು. ಮುಖ ಮತ್ತು ಭೂಮಿಗಳ ಮೊತ್ತದ ಅರ್ಧವನ್ನು ಲಂಬದಿಂದ ಗುಣಿಸುವ ಮತ್ತೊಂದು ದಾರಿಯನ್ನೂ ಹೇಳಿ, ಅದು ವಿಷಮ ಚತುರಶ್ರಕ್ಕೆ ಸಲ್ಲದೆಂದು ಎಚ್ಚರಿಸುತ್ತಾನೆ. ಒಂದು ಸೂತ್ರ ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂಬ ವಿವೇಚನೆ ಇಲ್ಲಿ ಕಾಣುತ್ತದೆ. ಆದರೆ ಬ್ರಹ್ಮಗುಪ್ತನ ಸೂತ್ರಕ್ಕೆ ಬೇಕಾದ ನಿಬಂಧನೆಯನ್ನು, ಎಂದರೆ ಚತುರ್ಭುಜದ ಅಭಿಮುಖ ಕೋನಗಳ ಮೊತ್ತ 180° ಆಗಿ ಅದು ಚಕ್ರೀಯವಾಗಿರಬೇಕೆಂಬುದನ್ನು, ಅವನು ಹೇಳುವುದಿಲ್ಲ.

ಆ ಕೊರತೆಯನ್ನು ಪ್ರತ್ಯುದಾಹರಣೆಯ ಮೂಲಕ ಬಯಲಿಗೆ ತಂದವನು ಭಾಸ್ಕರಾಚಾರ್ಯ. 1114ರಲ್ಲಿ ಜನಿಸಿದ ಈತನು ತನ್ನ ಊರನ್ನು ವಿಜ್ಜಡವಿಡ ಎಂದು ಕರೆದಿದ್ದಾನೆ. ಅದು ಇಂದಿನ ವಿಜಯಪುರವೆಂಬ ಅಭಿಪ್ರಾಯವೂ ಮಹಾರಾಷ್ಟ್ರದ ಊರೆಂಬ ಅಭಿಪ್ರಾಯವೂ ವಿದ್ವಾಂಸರಲ್ಲಿದೆ. ಸುಮಾರು 1150ರ ‘ಲೀಲಾವತಿ’ಯಲ್ಲಿ ಅವನು, ನಾಲ್ಕು ಬದಿಗಳಷ್ಟರಿಂದಲೇ ಚತುರ್ಭುಜದ ಫಲ ನಿಶ್ಚಿತವಾಗದು, ಒಂದು ಕರ್ಣವೋ ಲಂಬವೋ ಗೊತ್ತಿರಬೇಕು ಎಂದು ಸಾರುತ್ತಾನೆ. ಅದನ್ನು ಹೇಳದೆ ನಿಶ್ಚಿತ ಫಲವನ್ನು ಕೇಳುವವನನ್ನು ಪಿಶಾಚಿ ಎಂದು ಹಳಿಯುತ್ತಾನೆ. ಉತ್ತರಿಸಲು ಹೊರಡುವವನನ್ನೂ ಬಿಡುವುದಿಲ್ಲ. ಗಣಿತಗ್ರಂಥಕ್ಕೆ ಇದು ಖಾರವಾದ ಮಾತೇ ಸರಿ. ಆದರೆ ಬೈಗುಳಕ್ಕೆ ನಿಲ್ಲದೆ ಕಾರಣವನ್ನೂ ಕೊಡುತ್ತಾನೆ: ಚತುರ್ಭುಜದ ಎದುರುಬದುರಿನ ಎರಡು ಮೂಲೆಗಳನ್ನು ಒಳಕ್ಕೆ ಒತ್ತಿದರೆ ಅವುಗಳ ನಡುವಿನ ಕರ್ಣ ಕುಗ್ಗುತ್ತದೆ, ಉಳಿದ ಎರಡು ಮೂಲೆಗಳು ಹೊರಸರಿದು ಇನ್ನೊಂದು ಕರ್ಣ ಹಿಗ್ಗುತ್ತದೆ, ಬದಿಗಳು ಮಾತ್ರ ಹಾಗೆಯೇ ಇರುತ್ತವೆ.

ಬಳಿಕ ಅವನು ಅಂಕಿಗಳನ್ನೇ ಮುಂದಿಡುತ್ತಾನೆ. ನಾಲ್ಕೂ ಬದಿಗಳು 25 ಇರುವ ಕ್ಷೇತ್ರವನ್ನು ತೆಗೆದುಕೊಂಡು ಒಂದು ಕರ್ಣ 30 ಎಂದಿಟ್ಟರೆ ಇನ್ನೊಂದು 40, ಫಲ 600. ಒಂದು ಕರ್ಣ 14 ಆದರೆ ಇನ್ನೊಂದು 48, ಫಲ 336. ಚೌಕವಾದರೆ ಫಲ 625. ಇದನ್ನು ಇಂದಿನ ಕೋನಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದು ಸುಮಾರು 73.7° ಮತ್ತು 106.3° ಕೋನಗಳ ವಜ್ರಾಕೃತಿ, ಎರಡನೆಯದು ಸುಮಾರು 32.5° ಮತ್ತು 147.5° ಕೋನಗಳದು, ಮೂರನೆಯದರ ನಾಲ್ಕೂ ಕೋನಗಳು 90°. ಬದಿಗಳು ಸಮವಾದರೆ ಕೋನಗಳೂ ಸಮ ಎಂಬ, ತ್ರಿಭುಜದಲ್ಲಿ ಸತ್ಯವಾದ ಮಾತು ಚತುರ್ಭುಜದಲ್ಲಿ ಹೀಗೆ ಬಿದ್ದುಹೋಗುತ್ತದೆ. ಬ್ರಹ್ಮಗುಪ್ತನ ಸೂತ್ರವು ಮೂರಕ್ಕೂ ಒಂದೇ ಉತ್ತರವನ್ನು, 625 ಎಂದು, ಕೊಡುತ್ತದೆ. ಅಭಿಮುಖ ಕೋನಗಳ ಮೊತ್ತ 180° ಇರುವುದು ಮೂರರಲ್ಲಿ ಚೌಕಕ್ಕೆ ಮಾತ್ರ; ಸೂತ್ರ ಸರಿಹೊಂದುವುದೂ ಅದಕ್ಕೆ ಮಾತ್ರ.

ಹೊಲದ ಅಳತೆಯಲ್ಲಿ ಇದರ ಪರಿಣಾಮ

ಇದು ಕೇವಲ ಪಂಡಿತರ ಚರ್ಚೆಯಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಹೊಲಗದ್ದೆಗಳ ಬದುಗಳು ಹಳ್ಳ, ದಾರಿ, ಕಾಲುವೆಗಳ ಜಾಡು ಹಿಡಿದು ಸಾಗುವಲ್ಲಿ ನಾಲ್ಕೂ ಮೂಲೆ ಲಂಬವಾಗಿರಬೇಕೆಂಬ ನಿಯಮವಿಲ್ಲ. ನಾಲ್ಕೂ ಕಡೆ 330 ಅಡಿ ಬದು ಇರುವ ಒಂದು ಗದ್ದೆಯನ್ನು ಕಲ್ಪಿಸಬಹುದು. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಗದ್ದೆ ಚೌಕವಾಗಿದ್ದರೆ ಅದು 100 ಗುಂಟೆ, ಎಂದರೆ 2 ಎಕರೆ 20 ಗುಂಟೆ. ಭಾಸ್ಕರನ ಮೊದಲ ವಜ್ರಾಕೃತಿಯಂತೆ ಓರೆಯಾಗಿದ್ದರೆ 96 ಗುಂಟೆ. ಎರಡನೆಯದರಂತೆ ಇದ್ದರೆ 54 ಗುಂಟೆಗೂ ತುಸು ಕಡಿಮೆ. ಬದುಗಳನ್ನಷ್ಟೇ ಅಳೆದು ಕ್ರಯಕ್ಕೆ ಕೂತವನು 100 ಗುಂಟೆಯ ಹಣ ತೆತ್ತು 54 ಗುಂಟೆ ಪಡೆಯುವ ಸಂಭವವಿದೆ.

ಸ್ಥೂಲ ಸೂತ್ರದ ದೋಷ ಯಾವಾಗಲೂ ಒಂದೇ ದಿಕ್ಕಿನದು ಎಂಬುದನ್ನು ಗಮನಿಸಬೇಕು. ಚತುರ್ಭುಜದ ಯಾವುದೇ ಮೂಲೆಯಲ್ಲಿ ಕೂಡುವ ಎರಡು ಬದಿಗಳು ಮತ್ತು ಅವುಗಳ ತುದಿಗಳನ್ನು ಸೇರಿಸುವ ಕರ್ಣದಿಂದಾದ ತ್ರಿಭುಜದ ಫಲವು ಆ ಬದಿಗಳ ಗುಣಲಬ್ಧದ ಅರ್ಧವನ್ನು ಮೀರದು. ಮೂಲೆ ಲಂಬಕೋನವಾದಾಗ ಮಾತ್ರ ಅದಕ್ಕೆ ಸಮ. ನಾಲ್ಕೂ ಮೂಲೆಗಳ ತ್ರಿಭುಜಗಳನ್ನು ಕೂಡಿದರೆ ಕ್ಷೇತ್ರಫಲದ ಎರಡರಷ್ಟು ಬರುತ್ತದೆ. ಇದರಿಂದ, ಸ್ಥೂಲ ಸೂತ್ರದ ಉತ್ತರ ನಿಜವಾದ ಫಲಕ್ಕಿಂತ ಎಂದೂ ಕಡಿಮೆಯಾಗದು, ಆಯತದಲ್ಲಿ ಮಾತ್ರ ಸರಿಹೊಂದುತ್ತದೆ ಎಂದು ಸಿದ್ಧವಾಗುತ್ತದೆ. ವಿಸ್ತೀರ್ಣದ ಮೇಲೆ ಕಂದಾಯ ಕಟ್ಟುವ ರೈತನಿಗೆ ಈ ಸೂತ್ರ ಲಾಭದಾಯಕವಾಗಿರಲು ಸಾಧ್ಯವೇ ಇರಲಿಲ್ಲ. ಭೂಮಾಪಕರು ಸರಪಳಿಯಿಂದ ಅಳೆಯುವಾಗ ಹೊಲದ ನಡುವೆ ಒಂದು ಆಧಾರರೇಖೆ ಹಿಡಿದು ಅದರಿಂದ ಮೂಲೆಗಳಿಗೆ ಲಂಬಗಳನ್ನು ತೆಗೆಯುವುದೂ, ಬಡಿಗರು ಬಾಗಿಲ ಚೌಕಟ್ಟಿನ ಎರಡೂ ಕರ್ಣಗಳನ್ನು ಅಳೆದು ನೋಡುವುದೂ ಭಾಸ್ಕರನು ಕೇಳಿದ ಹೆಚ್ಚುವರಿ ಅಳತೆಯನ್ನೇ ಪಡೆಯುವ ಕ್ರಮಗಳು.

ಇಟಗಿ ಮತ್ತು ಡಂಬಳ

ಪ್ರತ್ಯುದಾಹರಣೆಯನ್ನು ಕಲ್ಲಿನಲ್ಲಿಯೇ ನೋಡಬಯಸುವವರಿಗೆ ಈ ಸೀಮೆಯ ಕಲ್ಯಾಣ ಚಾಲುಕ್ಯರ ದೇವಾಲಯಗಳಿವೆ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಇಟಗಿಯ ಮಹಾದೇವ ದೇವಾಲಯವನ್ನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದನು. ಅದರ ಗರ್ಭಗುಡಿಯ ಹೊರಗೋಡೆ ಮೆಟ್ಟಿಲುಮೆಟ್ಟಿಲಾಗಿ ಹೊರಚಾಚಿ ಒಳಸರಿಯುತ್ತದೆ. ‘ಪ್ರತಿ ಗೋಡೆಯೂ ಮುಂದಿನ ಗೋಡೆಗೆ ಲಂಬವಾಗಿದ್ದರೆ ನಕ್ಷೆ ಆಯತವೇ’ ಎಂಬ ಊಹೆಗೆ ಇಂತಹ ನಕ್ಷೆಯೇ ಉತ್ತರ. ಇಲ್ಲಿ ಹೊರಮೂಲೆಗಳ ಒಳಗೋನ 90°, ಒಳಮೂಲೆಗಳದು 270°.

ಇಂತಹ ನಕ್ಷೆಗಳ ಮೂಲೆಗಳನ್ನು ಎಣಿಸಿದರೆ ಹೊಸ ಊಹೆಯೊಂದು ಮೂಡುತ್ತದೆ. ಆಯತಕ್ಕೆ 4 ಹೊರಮೂಲೆ, ಒಳಮೂಲೆ ಇಲ್ಲ. ಕೂಡುವ ಚಿಹ್ನೆಯ ಆಕಾರಕ್ಕೆ 8 ಹೊರಮೂಲೆ, 4 ಒಳಮೂಲೆ. ಮೂಲೆಮಟ್ಟದ ಆಕಾರಕ್ಕೆ 5 ಮತ್ತು 1. ವ್ಯತ್ಯಾಸ ಪ್ರತಿ ಸಲವೂ 4. ಹಾಗಾದರೆ ಯಾವ ಗುಡಿಯ ನಕ್ಷೆಯಲ್ಲಿಯೂ ಹೊರಮೂಲೆಗಳು ಒಳಮೂಲೆಗಳಿಗಿಂತ ನಾಲ್ಕು ಹೆಚ್ಚೇ? ನೆರೆಯ ಗದಗ ಜಿಲ್ಲೆಯ ಡಂಬಳದಲ್ಲಿರುವ, 12ನೆಯ ಶತಮಾನದ ದೊಡ್ಡಬಸಪ್ಪ ದೇವಾಲಯ ಇಲ್ಲವೆನ್ನುತ್ತದೆ. ಅದರ ಗರ್ಭಗುಡಿಯ ನಕ್ಷೆ 24 ಮೊನೆಗಳ ನಕ್ಷತ್ರ. ಒಂದು ಚೌಕವನ್ನು ಅದರ ಕೇಂದ್ರದ ಸುತ್ತ 15° ಯಂತೆ ತಿರುಗಿಸುತ್ತ ಹೋದರೆ ಇಂತಹ ನಕ್ಷತ್ರ ದೊರೆಯುತ್ತದೆ. ಮಂಟಪ ಕೂಡುವ ಕಡೆಯನ್ನೂ ಮನಸ್ಸಿನಲ್ಲಿ ಪೂರ್ಣಗೊಳಿಸಿಕೊಂಡರೆ ಹೊರಮೂಲೆ 24, ಒಳಮೂಲೆಯೂ 24, ವ್ಯತ್ಯಾಸ ಸೊನ್ನೆ.

ಊಹೆ ಬಿತ್ತು. ಆದರೆ ಎಲ್ಲಿ ಬಿತ್ತೆಂದು ನೋಡಬೇಕು. 48 ಬದಿಗಳ ಬಹುಭುಜದ ಒಳಗೋನಗಳ ಮೊತ್ತ 46 × 180 = 8280°. ಮೊನೆಗಳು ಚೌಕದ ಮೂಲೆಗಳೇ ಆದ್ದರಿಂದ ತಲಾ 90°, ಒಟ್ಟು 2160°. ಉಳಿದ 6120°ಯನ್ನು 24 ಒಳಮೂಲೆಗಳಿಗೆ ಹಂಚಿದರೆ ತಲಾ 255°, 270° ಅಲ್ಲ. ಆದ್ದರಿಂದ ಊಹೆಗೆ ‘ಎಲ್ಲ ಮೂಲೆಗಳೂ 90° ಅಥವಾ 270° ಆಗಿದ್ದರೆ’ ಎಂಬ ನಿಬಂಧನೆಯನ್ನು ಸೇರಿಸಬೇಕು. ಸೇರಿಸಿದರೆ ಅದು ಪ್ರಮೇಯವೇ ಆಗುತ್ತದೆ: ನಕ್ಷೆಯ ಅಂಚಿನಲ್ಲಿ ಒಂದು ಸುತ್ತು ನಡೆದವನು ಒಟ್ಟು 360° ತಿರುಗಿರುತ್ತಾನೆ, ಹೊರಮೂಲೆಯಲ್ಲಿ ಒಂದು ಕಡೆಗೆ 90°, ಒಳಮೂಲೆಯಲ್ಲಿ ಅದರ ವಿರುದ್ಧ ದಿಕ್ಕಿಗೆ 90°. ಎರಡರ ವ್ಯತ್ಯಾಸ ನಾಲ್ಕು ತಿರುವುಗಳಾಗಲೇಬೇಕು. ಇಮ್ರೆ ಲಾಕಾತೋಸ್ ತನ್ನ ‘ಪ್ರೂಫ್ಸ್ ಅಂಡ್ ರೆಫ್ಯುಟೇಷನ್ಸ್’ (1976) ಗ್ರಂಥದಲ್ಲಿ ಗಣಿತ ಬೆಳೆಯುವುದು ಬಹುಮಟ್ಟಿಗೆ ಈ ಬಗೆಯಲ್ಲಿ ಎಂದು ವಾದಿಸಿದ್ದಾನೆ.

ಸಮತಲದ ಆಚೆ

ತ್ರಿಭುಜದ ಕೋನಗಳ ಮೊತ್ತ 180° ಎಂಬ ಪ್ರಮೇಯದಲ್ಲಿಯೂ ಬಾಯಿಬಿಟ್ಟು ಹೇಳದ ಒಂದು ನಿಬಂಧನೆಯಿದೆ: ತ್ರಿಭುಜ ಸಮತಲದಲ್ಲಿರಬೇಕು. ಕೊಪ್ಪಳದ ಮೇಲೆ ಹಾದುಹೋಗುವ ರೇಖಾಂಶವನ್ನು ಹಿಡಿದು ಉತ್ತರ ಧ್ರುವದಿಂದ ಸಮಭಾಜಕಕ್ಕೆ ಇಳಿದು, ಸಮಭಾಜಕದ ಮೇಲೆ ಭೂಮಿಯ ಸುತ್ತಳತೆಯ ಕಾಲುಭಾಗ ಪೂರ್ವಕ್ಕೆ ನಡೆದು, ಅಲ್ಲಿಯ ರೇಖಾಂಶದ ಗುಂಟ ಧ್ರುವಕ್ಕೆ ಮರಳಿದರೆ ಆಗುವ ತ್ರಿಭುಜದ ಮೂರು ಕೋನಗಳೂ 90°; ಮೊತ್ತ 270°. ಗೋಲದ ಮೇಲೆ ಈ ಹೆಚ್ಚಳ ತ್ರಿಭುಜದ ವಿಸ್ತೀರ್ಣಕ್ಕೆ ಅನುಪಾತದಲ್ಲಿರುತ್ತದೆ. ಒಂದು ಚದರ ಕಿಲೋಮೀಟರಿನ ತ್ರಿಭುಜಕ್ಕೆ ಅದು ಒಂದು ಸೆಕೆಂಡ್ ಕೋನದ ಸುಮಾರು ಇನ್ನೂರರಲ್ಲಿ ಒಂದು ಭಾಗ ಮಾತ್ರ. ಗದ್ದೆಯ ಅಳತೆಯಲ್ಲಿ ಅದನ್ನು ಗಣಿಸಬೇಕಾಗಿಲ್ಲ. ಬೆಟ್ಟದಿಂದ ಬೆಟ್ಟಕ್ಕೆ ಹತ್ತಾರು ಕಿಲೋಮೀಟರ್ ಉದ್ದದ ಬದಿಗಳ ತ್ರಿಭುಜಗಳನ್ನು ಹೆಣೆಯುವಾಗ ಗಣಿಸಲೇಬೇಕು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆಯನ್ನು ಅಳೆದು ವಿಲಿಯಂ ಲ್ಯಾಂಬ್ಟನ್ ಆರಂಭಿಸಿದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಲೆಕ್ಕಗಳಲ್ಲಿ ದೊಡ್ಡ ತ್ರಿಭುಜಗಳ ಕೋನಗಳ ಮೊತ್ತವನ್ನು 180°ಯೊಡನೆ ಹೋಲಿಸುವ ಮೊದಲು ಈ ಹೆಚ್ಚಳವನ್ನು ಕಳೆಯಲಾಗುತ್ತಿತ್ತು.